ಕೆಲಸವಿಲ್ಲದ ಎರಡು ಕಾಲು

ಉಪ್ಪಳ ಪೇಟೆಯಲ್ಲಿ, ಚಪ್ಪಲಿ ಅಂಗಡಿಯ ಮೇಲೆ
ನನ್ನ ಮೇಜು. ಫ್ಯಾನ್ ಹಾಕುವಂತಿಲ್ಲ,
ಅಕ್ಕಿನುಚ್ಚಿನಂಥ ರೆಸಿಸ್ಟರುಗಳು ಹಾರಿಹೋಗುತ್ತವೆ.

ಅಳಿವೆಯ ಉಪ್ಪು ಬರೆದಿಡುವ ಡಬ್ಬಿ ಬೇಕೆಂದವಳು ನಬೀಸಾ.
ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುವ ಹನ್ನೊಂದು ಹೆಂಗಸರ
ಲೆಕ್ಕದ ಪುಸ್ತಕ ಅವಳ ಕೈಯಲ್ಲಿ.
ಮೊದಲ ಮಳೆಗೆ ಹೊಳೆ ಸಿಹಿಯಾದರೆ
ಚಿಪ್ಪು ಬಾಯಿಬಿಟ್ಟು ಸಾಯುತ್ತದೆ.
ಯಾವ ದಿನ ಕೀಳಬೇಕು, ಅಷ್ಟೇ ಅವಳ ಪ್ರಶ್ನೆ.

ನಾನು ನಾಲ್ಕು ದಾರಿ ಎಳೆದೆ
ನಾಲ್ಕು ಬಿಟ್ ಜೊತೆಜೊತೆಗೆ ಓಡಲೆಂದು,
ನಾಲ್ಕೂ ಒಂದೇ ಉದ್ದ ಬರಲೆಂದು
ತಾಮ್ರದ ಗೆರೆಯನ್ನು ಹಾವಿನ ಹಾಗೆ ಸುತ್ತಿಸಿ
ಎರಡು ರಾತ್ರಿ ಕಳೆದೆ.
ಉಗುರಿನಷ್ಟು ಕಾರ್ಡು, ಅದಕ್ಕೊಂದು ಮಡಚುವ ಮುಚ್ಚಳ.
ಚೆಂದವಿತ್ತು. ಫೋಟೋ ತೆಗೆದೆ.
ಹತ್ತು ನಿಮಿಷಕ್ಕೊಮ್ಮೆ ಒಂದು ಸಂಖ್ಯೆ ಬರೆಯಲಿಕ್ಕೆ
ಇಷ್ಟು ಓಟ ಯಾಕೆಂದು ಕೇಳುವವರಿರಲಿಲ್ಲ.

ನಲವತ್ತು ದಿನದ ಮೇಲೆ, ದೋಣಿಯಲ್ಲಿ,
ನಬೀಸಾ ಮುಚ್ಚಳ ಸರಿಸಿದಳು.
ಚಿಪ್ಪು ಕೊಯ್ದ ಬೆರಳು, ಬಟ್ಟೆ ಸುತ್ತಿದ ಹೆಬ್ಬೆರಳು,
ಬದಿಗೆ ತಟ್ಟಿದ ಒಂದು ಅಲೆ.
ಅಷ್ಟೇ. ಸದ್ದೂ ಬರಲಿಲ್ಲ.
ನಾನು ಬಗ್ಗಿ ನೀರು ನೋಡುತ್ತಲೇ ಇದ್ದೆ.
"ಉಪ್ಪಿನ ಲೆಕ್ಕ ಉಪ್ಪಿಗೇ ಜಮೆ" ಎಂದು ನಕ್ಕು
ಅವಳು ಹುಟ್ಟು ತಿರುಗಿಸಿದಳು.

ಈ ಸಲ ದೊಡ್ಡ ಕಾರ್ಡು, ಹಳೆ ಕ್ಯಾಮೆರಾದಂಥದು,
ಕೈಗವಸಿನಲ್ಲೂ ಹಿಡಿಯಬಹುದು.
ಒತ್ತಿದರೆ ಕೂರುತ್ತದೆ, ಮತ್ತೆ ಒತ್ತಿದರೆ ಎದ್ದು ಬರುತ್ತದೆ.
ಸಾಕೆಟ್ಟಿಗೆ ಬೋರ್ಡಿಗಿಂತ ಹೆಚ್ಚು ದುಡ್ಡು, ಕಾಲಿಗೆಲ್ಲ ಚಿನ್ನದ ಲೇಪ;
ಹೆಸರಲ್ಲೇ ಉಪ್ಪಿರುವ ಊರಿನ ಗಾಳಿಗೆ ಬೇರೆ ಮದ್ದಿಲ್ಲ.
ಪಕ್ಕದಲ್ಲೊಂದು ಕೆಂಪು ದೀಪ:
ಉರಿಯುವಾಗ ಬರೆಯುತ್ತಿದೆ, ಮುಟ್ಟಬೇಡ.
ಮಾತು ಹೋಗಲೊಂದು ತಂತಿ, ಬರಲೊಂದು,
ತಾಳ ಹಾಕಲೊಂದು, ಹೆಸರು ಹಿಡಿದು ಕರೆಯಲೊಂದು.
ನಿಧಾನ. ಹೊಳೆಗೂ ಅವಸರವಿಲ್ಲ.

ಬೋರ್ಡನ್ನು ಕಿಟಕಿಗೆ ಹಿಡಿದು ಅವಳು ಎಣಿಸಿದಳು,
ಲೆಕ್ಕದ ಪುಸ್ತಕದವಳಲ್ಲವೇ.
"ಇವೆರಡು ಕಾಲು ಎಲ್ಲಿಗೂ ಹೋಗುವುದಿಲ್ಲವಲ್ಲ?"
ಈ ಕ್ರಮದಲ್ಲಿ ಅವಕ್ಕೆ ಕೆಲಸವಿಲ್ಲ, ಎಂದೆ.
"ಮತ್ತೆ ಒಂದೊಂದಕ್ಕೂ ಒಂದೊಂದು ನುಚ್ಚು ಯಾಕೆ?"
ಸುಮ್ಮನೆ ತೇಲಲು ಬಿಟ್ಟರೆ
ಅವು ಸೊನ್ನೆಯೋ ಒಂದೋ ತಿಳಿಯದೆ ನಡುಗುತ್ತವೆ,
ಮೇಲಕ್ಕೆ ಎಳೆದು ಹಿಡಿದುಕೊಂಡಿರಬೇಕು.

ಕೆಳಗೆ ತಲಪಾಡಿ ಬಸ್ಸಿನ ಹಾರ್ನ್ ಮುಗಿಯುವವರೆಗೆ ಕಾದು
"ನಮ್ಮ ಸಂಘದಲ್ಲೂ" ಎಂದಳು,
"ಇಬ್ಬರಿಗೆ ಈಗ ನೀರಿಗಿಳಿಯಲಾಗದು.
ಪಾಲು ತಪ್ಪಿಸಿಲ್ಲ."

ಆಮೇಲೆ ಬಿಲ್ಲು ಕೇಳಿದಳು.
ಸಾಕೆಟ್ಟಿನ ಸಾಲಿಗೆ ಬಂದು
ಬೆರಳು ನಿಂತಿತು.