ಮಿಷನ್ನಿಗೊಂದು ಲೈನಿಂಗು

ರೇಷ್ಮೆ ಒಮ್ಮೆ ಬೆವರು ಕುಡಿದರೆ ಮತ್ತೆ ಉಗುಳುವುದಿಲ್ಲ.
ಹೋದ ಬೇಸಿಗೆ, ಧಾರೆ ರವಿಕೆಯೊಂದರ ಬೆನ್ನ ಮೇಲೆ
ನನ್ನ ಹಣೆಯಿಂದ ಒಂದೇ ಹನಿ,
ನಾಣ್ಯದಗಲ ಕಲೆ,
ನಾಲ್ಕು ಸಾವಿರ ದಂಡ.

ಅದಕ್ಕೇ ಈ ಏಸಿ.
ಶಿವಾಜಿನಗರದ ಗುಜರಿಯಲ್ಲಿ ಚೌಕಾಸಿ ಮಾಡಿ
ಆಟೋದಲ್ಲಿ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು
ಓಕಳಿಪುರದ ಈ ಕೋಣೆಗೆ ತಂದದ್ದು.
ಇಲ್ಲಿ ಫ್ಯಾನು ಹಾಕಿದರೆ ಕತ್ತರಿಸಿಟ್ಟ ತೋಳುಗಳು
ಹಾರಿ ಮಂಚದಡಿ ಸೇರುತ್ತವೆ,
ಕಿಟಕಿ ತೆಗೆದರೆ ರೈಲು ಹಳಿಯ ಧೂಳು
ಕರೆಯದ ನೆಂಟನ ಹಾಗೆ ಬಂದು ಬಟ್ಟೆಯ ಮೇಲೆ ಕೂರುತ್ತದೆ.

ಯುಗಾದಿ ಕಳೆದು ಎರಡು ವಾರ. ಮದುವೆಯ ಸೀಸನ್ನು.
ಒಂದು ಮಧ್ಯಾಹ್ನ ಅದರ ಬಾಯೊಳಗೆ ಇಣುಕಿದರೆ
ಮಂಜುಗಡ್ಡೆ.
ಒಳಗೆ ಹಿಮ, ಹೊರಗೆ ನಾವಿಬ್ಬರೂ ಬೇಯುತ್ತಿದ್ದೇವೆ,
ನಾನು ಮತ್ತು ಗುಂಡಿ ಹಾಕುವ ಜಾನ್ಸಿ.
ಹದಿನಾರಕ್ಕೆ ಇಳಿಸಿದೆ. ಗಡ್ಡೆ ಇನ್ನೂ ದಪ್ಪವಾಯಿತು.
ಆರಿಸಿದೆ. ಮೂರು ತಾಸು ಬಕೆಟ್ಟಿಗೆ ತೊಟತೊಟ,
ನಡುರಾತ್ರಿ ಚೂರೊಂದು ಕಳಚಿ ಬಿದ್ದ ಸದ್ದಿಗೆ
ಯಾರೋ ತಟ್ಟೆ ಎಸೆದರು ಅಂತ ಎದ್ದು ಕೂತೆ.
ಬೆಳಿಗ್ಗೆ ಹಾಕಿದರೆ ಹತ್ತು ಗಂಟೆಗೆಲ್ಲ
ಮತ್ತೆ ಅದೇ ಬಿಳಿ ಗಡ್ಡ.

ಬೆನ್ನಿಗೆ ಕಂಪನಿ ಹೆಸರಿನ ಅಂಗಿ ತೊಟ್ಟ ಹುಡುಗ ಬಂದ.
'ಗ್ಯಾಸ್ ಖಾಲಿ ಮೇಡಂ' ಅಂದ. ತುಂಬಿದ.
ಎರಡು ಸಾವಿರದ ಎಂಟುನೂರು.
ನಾಲ್ಕನೇ ದಿನಕ್ಕೆ ಮತ್ತೆ ಗಡ್ಡೆ,
ಹುಡುಗನ ಫೋನು ಸ್ವಿಚ್ ಆಫ್.

ಆಮೇಲೆ ಬಂದವರು ಜಬೀವುಲ್ಲಾ.
ಚೀಲ ಬಿಚ್ಚಲಿಲ್ಲ, ಏಣಿ ಕೇಳಲಿಲ್ಲ.
'ಒಂದು ಎಳೆ ದಾರ ಕೊಡಿ ಅಕ್ಕ' ಅಂದರು.
ಸ್ಟೂಲು ಹತ್ತಿ ಏಸಿಯ ಬಾಯ ಮುಂದೆ ಇಳಿಬಿಟ್ಟರು.
ದಾರ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು.
'ಚಳಿ ಇದೆ, ಉಸಿರಿಲ್ಲ.
ನಿಮ್ಮ ಬಿಸಿ ಒಳಗೆ ಹೋದರೆ ತಾನೇ ಅದಕ್ಕೆ ಕೆಲಸ?
ಇಲ್ಲಾಂದ್ರೆ ತನ್ನ ಚಳಿಗೆ ತಾನೇ ಮರಗಟ್ಟುತ್ತೆ.'

ಮುಚ್ಚಳ ಎತ್ತಿ ಜಾಲರಿ ಎಳೆದರು.
ಅಲ್ಲೊಂದು ಜಾಲರಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ.
ನೋಡಿ ಒಂದು ಗಳಿಗೆ ಸುಮ್ಮನಿದ್ದು ನಕ್ಕುಬಿಟ್ಟರು:
'ಮಿಷನ್ನಿಗೂ ಲೈನಿಂಗ್ ಹೊಲಿದಿದ್ದೀರಲ್ಲಕ್ಕ!'

ಹೌದು, ಬಟ್ಟೆಯೇ ಅದು. ನನ್ನ ಕತ್ತರಿಯ ನುಸಿಯೆಲ್ಲ
ತಾನೇ ಹಾಸಿಕೊಂಡು ಬೆರಳು ದಪ್ಪದ ಕಂಬಳಿ.
ಅಂಚಿನಿಂದ ಸುಲಿಯುತ್ತ ಹೋದೆ.
ಮೇಲೆ ಈ ತಿಂಗಳ ಮದುವೆಗಳ ಅರಗಿನ ಕೆಂಪು;
ಅದರಡಿ ಓಂ ಶಕ್ತಿ ಮಾಲೆಯವರ ಇನ್ನೊಂದು ಕೆಂಪು
(ಕೆಂಪುಗಳನ್ನು ನಾನು ಕಣ್ಣು ಮುಚ್ಚಿ ಬೇರೆ ಮಾಡಬಲ್ಲೆ);
ಫಿಲೋಮಿನಾ ಮೊಮ್ಮಗಳ ಫ್ರಾಕಿನ ಬಿಳಿ, ಇಷ್ಟೇ ಇಷ್ಟು;
ರಾಜ್ಯೋತ್ಸವದ ಶಾಲುಗಳ ಅರಿಶಿನ;
ವರಮಹಾಲಕ್ಷ್ಮಿಯ ಗಿಳಿಹಸಿರು;
ಎಲ್ಲಕ್ಕಿಂತ ಕೆಳಗೆ ಜೂನಿನ ಯೂನಿಫಾರಂ ನೀಲಿ.

ನಡುವೆ ಒಂದು ನೇರಳೆ.
ಯಾರದಪ್ಪ ಇದು? ಅಳತೆ ಪುಸ್ತಕ ತಿರುವಿದೆ.
ಜಾನ್ಸಿ ಗುಂಡಿಯಿಂದ ತಲೆ ಎತ್ತದೆ ಅಂದಳು:
'ನಿಮ್ದೇ ಅಕ್ಕ. ದಸರಾಕ್ಕೆ ಅಂತ ಕತ್ತರಿಸಿ
ಆಮೇಲೆ ಹೊಲಿಯೋಣ ಅಂತ ಇಟ್ರಲ್ಲ.'

ಜಬೀವುಲ್ಲಾ ಜಾಲರಿ ತೊಳೆದರು, ಒಳಗಿನ ರೆಕ್ಕೆಗಳಿಗೆ
ಹಲ್ಲುಜ್ಜುವ ಬ್ರಷ್ಷಿನಲ್ಲಿ ಸ್ನಾನ ಮಾಡಿಸಿದರು.
ಮುನ್ನೂರು ಕೇಳಿದರು; ಐನೂರು ಕೊಟ್ಟರೆ
ಚಿಲ್ಲರೆ ಎಣಿಸಿ ವಾಪಸ್ಸು ಕೊಟ್ಟು ಹೋದರು.
ದಾರ ಈಗ ಬಾಲದ ಹಾಗೆ ಹಾರುತ್ತಿದೆ,
ಅಲ್ಲೇ ಕಟ್ಟಿ ಬಿಟ್ಟಿದ್ದೇನೆ.

ಆ ಕಂಬಳಿಯನ್ನು ಎಸೆಯಲಾಗಲಿಲ್ಲ.
ಸುರುಳಿ ಸುತ್ತಿ ಒಂದು ಚೂರು ಬಟ್ಟೆಯಲ್ಲಿ ತುಂಬಿ
ಸೂಜಿದಿಂಡು ಮಾಡಿಕೊಂಡೆ.
ಚುಚ್ಚಿದಾಗ ಮೆತ್ತಗೆ ಹಿಡಿದುಕೊಳ್ಳುತ್ತದೆ.

ಹದಿನೈದು ದಿನಕ್ಕೊಮ್ಮೆ ಜಾಲರಿ ನಲ್ಲಿಯಡಿ ಹಿಡಿಯುತ್ತೇನೆ.
ಮೋರಿಗೆ ಹರಿಯುವ ನುಸಿಯ ಬಣ್ಣದಲ್ಲೇ ತಿಳಿಯುತ್ತದೆ
ಆ ಪಕ್ಷದ ಸಂಪಾದನೆ.
ಈ ಸಲ ಗುಲಾಬಿ, ಸ್ವಲ್ಪ ಬೂದು.
ನೇರಳೆಯ ಎರಡು ತೋಳು ಇನ್ನೂ ಶೆಲ್ಫಿನ ಕೆಳಗಿವೆ.
ಕೈ ಅಳತೆ ಈಗ ಅರ್ಧ ಇಂಚು ಜಾಸ್ತಿ ಬೇಕಾದೀತು,
ಬಿಚ್ಚಿ ನೋಡಬೇಕು.