ಶೇಷ

ಕೌಲ್ ಬಜಾರಿನ ನಮ್ಮ ಓಣ್ಯಾಗ
ಚರಂಡಿ ನೀರೂ ನೀಲಿ.
ನನ್ನ ಬೆರಳೂ ನೀಲಿ. ರೊಟ್ಟಿ ಬಡಿದರ
ಅದಕ್ಕೂ ಒಂದೀಟು ಹತ್ತತೈತಿ ಅಂತ
ನಮ್ಮತ್ತಿ ಸುಂಕ್ಲಮ್ಮ ಬೈತಿದ್ದಳು, ಇದ್ದಾಗ.

ಆಕಿ ಹೆಸರೇ ಮಗಳಿಗೆ ಇಟ್ಟಿವಿ, ಯೋಚನಿ ಮಾಡಲಿಲ್ಲ.
ಮಗ ಹುಟ್ಟಿದಾಗ ಮಾತ್ರ
ಇವರು ಮೂರು ದಿನ ಮೊಬೈಲ್ ತಿಕ್ಕಿ ತಿಕ್ಕಿ
ರಿತ್ವಿಕ್ ಅಂತ ಆರಿಸಿ ತಂದರು.
ನನ್ನ ನಾಲಿಗಿಗೆ ಅದು ಇನ್ನೂ ಹೊಂದಿಲ್ಲ. ರುತ್ತಿಕ ಅಂತೀನಿ.

ಸುಂಕ್ಲಿ ಸರಕಾರಿ ಸಾಲ್ಯಾಗ ಐದನೇ ಕ್ಲಾಸು.
ಆಕಿನ್ನ ಸೇರಿಸಿದ ದಿನ ನನಗ ನೆನಪೇ ಇಲ್ಲ.
ಊಟದ ಗಂಟಿ ಹೊತ್ತಿಗೆ ಯಾರದೋ ಕೈ ಹಿಡಕೊಂಡು ಹೋದಳು,
ತತ್ತಿ ತಿಂದು ಬಂದಳು, ಮರುದಿನ ಮತ್ತ ಹೋದಳು,
ಅಷ್ಟೇ ದಾಖಲಾತಿ.
ಮಳಿ ಬಂದರ ಎರಡು ಕ್ಲಾಸು ಒಂದ ಕೋಣ್ಯಾಗ.
ಒಬ್ಬರ ಟೀಚರ್ರು, ಆ ಗ್ವಾಡಿಗೆ ಗಣಿತ, ಈ ಗ್ವಾಡಿಗೆ ಕನ್ನಡ.

ರುತ್ತಿಕಗ ಈಗ ಆರು.
ಬೈಪಾಸಿನ ಕಡೆ ಹೊಸಾ ಸಾಲಿ,
ಬಾಗಿಲಾಗ ಪ್ಲಾಸ್ಟಿಕ್ ಜಿರಾಫೆ.
ಪಕ್ಕದ ಮನಿ ಖಾಜಾಬಿ ಮೊಮ್ಮಗ ಅಲ್ಲೇ ಹೋಗ್ತಾನ,
ಮಾರ್ಚ್ ಬಿಸಿಲಾಗೂ ಟೈ ಬಿಚ್ಚಂಗಿಲ್ಲ.
ಮೊನ್ನೆ ನನ್ನ ನೋಡಿ ಇಂಗ್ಲೀಷಿನಾಗ ಏನೋ ಅಂದ.
ನಾನು ನಕ್ಕೆ.
ಬೈದಿದ್ದರೂ ನಗ್ತಿದ್ದೆ.

ಫೀಸು, ವ್ಯಾನು, ಪುಸ್ತಕ, ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರ.
ಫಾರ್ಮು ತಂದು ಮಿಷಿನ್ ಕಾಲಿನ ಬುಡಕ್ಕ ಇಟ್ಟಿದ್ದೆ,
ಗಾಳಿಗೆ ಹಾರಬಾರದಂತ.
ಅದರಾಗಿನ ಒಂದಕ್ಷರ ನಮಗಿಬ್ಬರಿಗೂ ಬರಂಗಿಲ್ಲ.
ಸುಂಕ್ಲಿನೇ ತುಂಬಿದಳು,
ಕೂಡಿಸಿ ಕೂಡಿಸಿ ಓದಿ, ತುಟಿ ಅಲ್ಲಾಡಿಸಿ.
ತಾಯಿ ವಿದ್ಯೆ ಅಂತ ಕೇಳ್ಯಾರವ್ವಾ, ಏನು ಬರೀಲಿ ಅಂದಳು.
ಖಾಲಿ ಬಿಡು ಅಂದೆ.
ಖಾಲಿ ಬಿಟ್ಟರ ತಗೊಳ್ಳಂಗಿಲ್ಲ ಅಂತ
'ಹೊಲಿಗಿ' ಅಂತ ಬರೆದಳು.

ಆಮ್ಯಾಲೆ ತಾನೇ ಕೇಳಿದಳು,
ಒಂದು ಪ್ಯಾಂಟಿಗೆ ಎಷ್ಟು ಲೂಪು?
ಐದು.
ಐದಕ್ಕೂ ಸೇರಿ ಎಷ್ಟು ಕೊಡ್ತಾರ?
ಎರಡು ರೂಪಾಯಿ.
ಕತ್ತರಿಸಿ ಉಳಿದ ಜೀನ್ಸಿನ ತುಂಡಿನ ಮ್ಯಾಲೆ
ನನ್ನ ಗುರುತಿನ ಬಳಪ ತಗೊಂಡು ಭಾಗಾಕಾರ ಹಾಕಿದಳು,
ಮೆಟ್ಟಲು ಮೆಟ್ಟಲು ಇಳಿಸಿ, ಗೀಟು ಎಳೆದು,
ಟೀಚರ್ರು ಕಲಿಸಿದಂಗ.
"ಹನ್ನೊಂದು ಸಾವಿರ ಪ್ಯಾಂಟು, ಅವ್ವಾ. ಶೇಷ ಸೊನ್ನೆ."

ಶೇಷ ಅಂದರೇನು ಅಂದೆ.
ಹಂಚಿದ ಮ್ಯಾಲೆ ಉಳಿಯೋದು ಅಂದಳು.
ಇವತ್ತು ತತ್ತಿ ಕೊಡೋ ದಿನ ಅಂತ ಓಡಿದಳು,
ಪಾಟಿಚೀಲ ಬೆನ್ನಿಗೆ ಬಡಿಯೋ ಸಪ್ಪಳ
ಓಣಿ ತಿರುವಿನ ತನಕ.

ಶನಿವಾರ ಕಡೀ ದಿನ.
ಇವರು ದಿನಾ ಕೇಳ್ತಾರ.
ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ,
ಮಿಷಿನ್ ತುಳೀತೀನಿ.
ಆ ತುಂಡು ಜಾಡಿಸಿದರ ಬಳಪದ ಲೆಕ್ಕ ಹೋಗತೈತಿ, ಗೊತ್ತು.
ಜಾಡಿಸಿಲ್ಲ.
ಮಡಚಿ ಡಬ್ಬ್ಯಾಗ ಇಟ್ಟೀನಿ,
ಗುಂಡಿ, ಜಿಪ್ಪಿನ ಸಂಗಡ.