ಒಂಬತ್ತನೇ ತೂಬು

ಮಂಡ್ಯದ ನೀರಾವರಿ ಕಚೇರಿ, ಹಿಂಬದಿಯ ಕೋಣೆ.
ಗೋಡೆಗೆ ತೂಗುಬಿಟ್ಟ ನಾಲೆಯ ಹಳೇ ಮ್ಯಾಪು,
ಫ್ಯಾನಿನ ಗಾಳಿಗೆ ಅದರ ಒಂದು ಮೂಲೆ
ಎದ್ದು ಬೀಳುತ್ತದೆ, ಎದ್ದು ಬೀಳುತ್ತದೆ.

ನನಗೆ ಒಪ್ಪಿಸಿದ್ದು ಇಷ್ಟೇ:
ಪ್ರತಿ ತೂಬಿಗೂ ನೀರಳೆಯುವ ಒಂದು ಯಂತ್ರ,
ಪ್ರತಿ ಯಂತ್ರಕ್ಕೂ ದೂರದ ಸರ್ವರಿನಲ್ಲೊಂದು ಜಾಗ.
ಆ ಜಾಗಗಳನ್ನು ಕೈಯಿಂದಲ್ಲ, ಬರಹದಿಂದ ಕಟ್ಟಬೇಕು.
ಬೆಲೆ ತುಂಬುವ ಮೊದಲು ಆಕಾರ ಹೇಳಬೇಕು,
ನೀರು ಬಿಡುವ ಮೊದಲು ಬದು ಕಟ್ಟಿದ ಹಾಗೆ.

ಮೊದಲ ದಿನ, ಸೋಮಾರಿತನಕ್ಕೆ,
'ಏನಾದರೂ ಸರಿ' ಎಂದು ಬರೆದಿದ್ದೆ.
ಏನಾದರೂ ಬಂತು.
ಅಗಲದ ಖಾನೆಯಲ್ಲಿ ಯಾರದೋ ಫೋನ್ ನಂಬರು,
ಎತ್ತರದ ಖಾನೆಯಲ್ಲಿ 'ಮೊಣಕಾಲುದ್ದ',
ಒಂದು ತೂಬಿಗೆ ಊರೇ ಇಲ್ಲ, ಇನ್ನೊಂದಕ್ಕೆ ಎರಡು.
ಎಲ್ಲವೂ ಸಲೀಸಾಗಿ ಹರಿದು
ರಾತ್ರಿ ಎರಡು ಗಂಟೆಗೆ
ಎಲ್ಲೋ ತಳದಲ್ಲಿ ಒಡೆಯಿತು.

ಅಳಿಸಿ ಕೂತೆ.
ನಾಲೆಯೊಳಗೆ ಉಪನಾಲೆ,
ಉಪನಾಲೆಯೊಳಗೆ ತೂಬು,
ತೂಬಿನೊಳಗೆ
ಅಗಲ: ಸಂಖ್ಯೆ. ಊರು: ಪದ. ಬಾಗಿಲು ಎಷ್ಟು ಗೇಣು ಎದ್ದಿದೆ: ಸಂಖ್ಯೆ.
ಆವರಣದೊಳಗೆ ಆವರಣ, ಅದರೊಳಗೆ ಮತ್ತೊಂದು,
ಮುಚ್ಚುವಾಗ ಬೆರಳು ಮಡಿಸಿ ಎಣಿಸುವಷ್ಟು.
ಹುಣಸೆಮರದ ತೂಬು, ಗೌಡರ ತೂಬು, ಸಣ್ಣಮ್ಮನ ತೂಬು,
ಹೆಸರಿನ ಬಗ್ಗೆ ಯಂತ್ರಕ್ಕೆ ತಕರಾರಿಲ್ಲ;
ಹೆಸರಿನ ಆಚೆಗಿರುವುದು ಮಾತ್ರ
ಒಂದೇ ಅಚ್ಚಿನಲ್ಲಿ ಎರೆದ ಬೆಲ್ಲವಾಗಿರಬೇಕು.

ನೀರಗಂಟಿ ಜವರಯ್ಯ ಲೆಕ್ಕ ಒಪ್ಪಿಸಲು ಬಂದರು.
ಕಾಲಲ್ಲಿ ಒಣಗಿದ ಕೆಸರು, ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆ.
ಎಂಟರವರೆಗೂ ಸರಾಗ.
'ಒಂಬತ್ತಕ್ಕೆ ಬಾಗ್ಲಿಲ್ಲ ಕಣವ್ವ,
ಚೌಕಟ್ಟ ಬೇವಿನ ಬೇರು ತಿಂದಾಕ್ಬುಡ್ತು.'
ಸರಿ, ಸೊನ್ನೆ ಹಾಕ್ತೀನಿ, ಎಂದೆ.

'ಸೊನ್ನೆ ಅಂದ್ರೆ
ಬಾಗ್ಲು ಪೂರಾ ಇಳ್ದದೆ, ಒಂದ್ ತೊಟ್ಟೂ ಹೋಗಕಿಲ್ಲ ಅಂತ.
ಇಲ್ಲ ಅಂದ್ರೆ
ಹಗ್ಲೂ ರಾತ್ರೆನೂ ಹೋಯ್ತಾನೇ ಅದೆ ಅಂತ.
ಎರಡೂ ಒಂದೇಯಾ?'

ಮ್ಯಾಪಿನ ಮೂಲೆ ಎದ್ದು ಬಿತ್ತು.
ಕೈಪಿಡಿಯಲ್ಲಿ ಇದೇ ಮಾತು ಎರಡು ಪುಟ ಇತ್ತು.
ಓದಿದ್ದೆ; ಒದ್ದೆಯಾಗಿರಲಿಲ್ಲ.

ಬಾಗಿಲಿನ ಖಾನೆಗೆ 'ಇದ್ದರೆ' ಎಂದು ಸೇರಿಸಿದೆ.
ಇಲ್ಲದ್ದು ಇಲ್ಲ ಎಂದೇ ಉಳಿಯಲಿ.

ಅಷ್ಟಕ್ಕೇ ಬಿಡಲಿಲ್ಲ. ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.
'ಇದ್ಯಾವ ಸರದಿ? ಗೌಡ್ರುದು ಯಾಕ್ ಮೊದ್ಲು?'
ಗ ಮೊದಲು ಬರುತ್ತೆ, ಆಮೇಲೆ ಸ, ಆಮೇಲೆ ಹ, ಎಂದೆ.
ಇದನ್ನೂ ಮ್ಯಾಪು ಅಂತಾರೆ, ಗೋಡೆಯದನ್ನೂ;
ಇದಕ್ಕೆ ಮೇಲು ಕೆಳಗಿಲ್ಲ, ಇಳಿಜಾರಿಲ್ಲ,
ಅಕ್ಷರಮಾಲೆಯೊಂದೇ ಗೊತ್ತು.
'ನೀರ್ ಕಟ್ಟೋದು ಕೊನೆ ಗದ್ದೆಯಿಂದವ್ವ.
ತಲೇಲಿರೋನು ಮೊದ್ಲು ಕುಡುದ್ರೆ
ಬಾಲ್ದಲ್ಲಿರೋಳ್ಗೆ ಏನುಳ್ದದು?'

ಒಳಗಿನ ಆವರಣದಲ್ಲಿ ಇನ್ನೊಂದು ಸಾಲು.
ಸರದಿ: ಸಂಖ್ಯೆ.
ಸಣ್ಣಮ್ಮನ ತೂಬಿಗೆ ಒಂದು.
ಗೌಡರದಕ್ಕೆ ಹನ್ನೊಂದು ಬರೆಯುವಾಗ
ಜವರಯ್ಯ ಬಾಗಿಲ ಕಡೆ ಒಮ್ಮೆ ನೋಡಿ
'ಬರ್ಕೊ' ಎಂದರು.

ಸಂಜೆ ಆರಕ್ಕೆ ಯೋಜನೆಯನ್ನು ಓಡಿಸಿದೆ.
ಹಸಿರು ಅಕ್ಷರಗಳನ್ನು ಅವರಿಗಾಗಿ ಗಟ್ಟಿಯಾಗಿ ಓದಿದೆ:
ಸೇರುವುದು ಹನ್ನೊಂದು,
ಬದಲಾಗುವುದು ಎರಡು,
ಅಳಿಯುವುದು ಸೊನ್ನೆ.

ಮದ್ದೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದವರು,
ಒಂಬತ್ತಕ್ಕೆ ಇವತ್ತೂ ಹುಲ್ಲು ಮಣ್ಣು ತುರುಕಬೇಕೆಂದವರು,
ಹೊಸ್ತಿಲಲ್ಲಿ ನಿಂತು ಕೇಳಿದರು:
'ಆ ಸೊನ್ನೆ
ಬಾಗ್ಲಿಳ್ದಿರೋ ಸೊನ್ನೆಯೋ,
ಬಾಗ್ಲೇ ಇಲ್ದಿರೋ ಸೊನ್ನೆಯೋ?'

ಬಸ್ಸು ಹೋದ ಸದ್ದೂ ಕೇಳಿಸಿತು.
'ಹೌದು' ಎಂದು ಬರೆಯಲು ಕೇಳುತ್ತಿರುವ ಪರದೆಯ ಮುಂದೆ
ಇನ್ನೂ ಕೂತಿದ್ದೇನೆ.